ಗುಂಡಿ ಹಾಕಿದ ಅಂಗಿ, ನೆಲ ಬಿಟ್ಟ ಹಿಮ್ಮಡಿ

ಅದುಮಿಟ್ಟ ಬಯಕೆಯನ್ನು ಚಿತ್ರವಾಗಿ ಬರೆಯಲು ಕೂತರೆ ಮೊದಲು ಹೊಳೆಯುವುದು ಬೆತ್ತಲೆ ಮೈ, ಸರಪಳಿ, ಬಾಯಿಗೆ ಕಟ್ಟಿದ ಬಟ್ಟೆ. ನನಗೆ ಅದ್ಯಾವುದೂ ಬೇಡವಾಗಿತ್ತು. ಅಷ್ಟು ಎದ್ದು ಕಾಣುವುದಾದರೆ ಅದನ್ನು ಅದುಮಿಟ್ಟ ಹಾಗೆ ಹೇಗಾಯಿತು, ಅಲ್ವಾ?

ನಾನು ಬರೆದದ್ದು ಕರಾವಳಿಯ ಒಬ್ಬ ನಿವೃತ್ತ ಮೇಷ್ಟ್ರನ್ನು. ಇವರು ಕಲ್ಪನೆಯ ಮೇಷ್ಟ್ರು, ನೋಡಿದವರು ಕೇಳಿದವರೆಲ್ಲ ಸೇರಿ ಆದವರು. ಹುಡುಗನಾಗಿದ್ದಾಗ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡುವುದು ಮೇಳಗಳ ಹಳೆಯ ರೂಢಿ, ರಂಗದ ಮೇಲೆ ಯಾರಿಗೂ ತಕರಾರಿಲ್ಲ. ಕುಣಿಸಿ ಕುಣಿಸಿ ಭಸ್ಮಾಸುರನ ಕೈಯನ್ನು ಅವನ ತಲೆಗೇ ಇಡಿಸುವ ಮೋಹಿನಿ ಎಂದರೆ ಎಲ್ಲರಿಗೂ ಇಷ್ಟ. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆದ ಮೇಲೂ ಆ ಒನಪು ಮೈಯಲ್ಲಿ ಉಳಿದರೆ ಮಾತ್ರ ಊರಿಗೆ ಆಗುವುದಿಲ್ಲ. ಆಮೇಲೆ ನೌಕರಿ, ಮದುವೆ.

ಚಿತ್ರದಲ್ಲಿ ಅವರು ಮರದ ಕುರ್ಚಿಯಲ್ಲಿ ಕೂತಿದ್ದಾರೆ. ತುಂಬು ತೋಳಿನ ಅಂಗಿ, ಕತ್ತಿನವರೆಗೂ ಗುಂಡಿ. ಮುಖದಲ್ಲಿ ಏನೂ ಇಲ್ಲ. ಕುರ್ಚಿಯ ಕೆಳಗೆ ಮಾತ್ರ ಎರಡೂ ಹಿಮ್ಮಡಿ ನೆಲ ಬಿಟ್ಟಿವೆ.

ಇದಕ್ಕೆ ಎರಡು ಪೆನ್ನು ಬಳಸಿದೆ. ಸೊಂಟದಿಂದ ಮೇಲಕ್ಕೆ 0.1 ಮಿ.ಮೀ. ಟೆಕ್ನಿಕಲ್ ಪೆನ್. ಅದರ ಗೆರೆ ದಪ್ಪವೂ ಆಗದು, ಸಣ್ಣವೂ ಆಗದು, ಕೈಯಲ್ಲಿ ಎಷ್ಟೇ ತಳಮಳವಿದ್ದರೂ ಕಾಗದಕ್ಕೆ ಗೊತ್ತಾಗುವುದಿಲ್ಲ. ಪಂಚೆ, ಪಾದಗಳಿಗೆ ಶಾಯಿಯಲ್ಲಿ ಅದ್ದಿ ಬರೆಯುವ ಜಿ ನಿಬ್. ಒತ್ತಿದರೆ ನಿಬ್ಬಿನ ಸೀಳು ಬಿಚ್ಚಿಕೊಂಡು ಗೆರೆ ಉಬ್ಬುತ್ತದೆ, ಬಿಟ್ಟರೆ ಎಳೆಯಾಗುತ್ತದೆ. ಹಿಮ್ಮಡಿಯ ಬಾಗನ್ನು ಒಂದೇ ಉಸಿರಿಗೆ ಎಳೆದೆ. ಅಲ್ಲಿ ತಿದ್ದಿದರೆ ಸತ್ತುಹೋಗುತ್ತದೆ. ಪಾದ ಬರೆಯುವ ಮುಂಚೆ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ಕೆಲವೇ ಗೆರೆಗಳಲ್ಲಿ ಮೈಯ ಭಾರ ಯಾವ ಕಾಲಿನ ಮೇಲಿದೆ ಅಂತ ತಿಳಿಯುತ್ತದೆ.

ಹೊಸ ನಿಬ್ಬಿಗೆ ಎಣ್ಣೆಯ ಲೇಪ ಇರುತ್ತದೆ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯದಿದ್ದರೆ ಶಾಯಿ ನಿಲ್ಲುವುದಿಲ್ಲ. ಕಾಗದ 300 ಜಿಎಸ್‌ಎಂನ ನುಣುಪಾದ ಹಾಟ್ ಪ್ರೆಸ್. ತರಿತರಿ ಇರುವ ಕೋಲ್ಡ್ ಪ್ರೆಸ್‌ನಲ್ಲಿ ನಿಬ್ ಸಿಕ್ಕಿಕೊಂಡು ಶಾಯಿ ಸಿಡಿಯುತ್ತದೆ. ಶಾಯಿ ಕಪ್ಪು ಇಂಡಿಯನ್ ಇಂಕ್. ಒಣಗಿದ ಮೇಲೆ ನೀರಿಗೆ ಕದಡುವುದಿಲ್ಲ, ಹಾಗಾಗಿ ಗೆರೆಯ ಮೇಲೆ ಗೆರೆ ಹಾಕಬಹುದು. ಅಂಗಿಯ ಕಪ್ಪು ಬಂದದ್ದು ಹಾಗೆ: ಮೊದಲು ನೇರ ಗೆರೆಗಳು, ಒಣಗಿದ ಮೇಲೆ ಓರೆ, ಮತ್ತೆ ಅಡ್ಡ. ಬೇಜಾರಿನ ಕೆಲಸ. ಆದರೆ ಬ್ರಷ್‌ನಲ್ಲಿ ಒಮ್ಮೆಗೇ ಕಪ್ಪು ತುಂಬಿದ್ದರೆ ಅದು ಬರೀ ಕಪ್ಪು ಅಂಗಿ ಆಗುತ್ತಿತ್ತು. ವರ್ಷಗಟ್ಟಲೆ ದಿನಾ ಗುಂಡಿ ಹಾಕಿಕೊಂಡ ಮನುಷ್ಯನಿಗೆ ಈ ಒಂದೇ ಸಮನೆ ಗೀಚುವುದೇ ಸರಿ ಅನಿಸಿತು.

ಕಾಲಿಗೆ ಗೆಜ್ಜೆ ಹಾಕು, ನೋಡಿದವರಿಗೆ ಗೊತ್ತಾಗುತ್ತದೆ ಎಂದ ಒಬ್ಬ ಗೆಳೆಯ. ಒಪ್ಪಲಿಲ್ಲ. ಗೆಜ್ಜೆ ಹಾಕಿದರೆ ಚಿತ್ರದ ಕೆಳಗೆ ವಿವರಣೆ ಬರೆದ ಹಾಗೆ. ಬದಲಿಗೆ ಪಂಚೆಯ ನೆರಿಗೆಯನ್ನು ಸೀರೆಯ ನೆರಿಗೆಗಿಂತ ಸ್ವಲ್ಪವೇ ಕಡಿಮೆ ಜೋರಾಗಿ ಬರೆದೆ. ಅದರಲ್ಲೊಂದು ದಪ್ಪ ಗೆರೆ ಸೊಂಟ ದಾಟಿ, ಅಂಗಿಯ ಸಣ್ಣ ಗೆರೆಗಳ ನಡುವೆ ಕೆಳಗಿನ ಗುಂಡಿಯವರೆಗೂ ಹೋಗುತ್ತದೆ. ಹತ್ತಿರ ಬಂದು ನೋಡಿದರೆ ಮಾತ್ರ ಸಿಗುತ್ತದೆ.

ಬಸ್ಸಿಗೆ ಕಾಯುತ್ತಿದ್ದಾರಾ ಅಂತ ಒಬ್ಬರು ಕೇಳಿದರು. ಇರಬಹುದು ಎಂದೆ. ಈಗ ಮೇಷ್ಟ್ರ ಹೆಂಡತಿಯನ್ನು ಬರೆಯುತ್ತಿದ್ದೇನೆ. ಪೆನ್ನು ಅವೇ ಎರಡು, ಜಾಗ ಮಾತ್ರ ಅದಲುಬದಲು.