ಮಳೆ ಬಂದರೂ ಮಕ್ಕಳು ಒದ್ದೆಯಾಗದಂತೆ ಟೆಂಟ್ ಹಾಕುವುದು ಹೇಗೆ?

ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿಂಗ್‌ಗೆ ಹೋದವರು ನಡುರಾತ್ರಿ ಟೆಂಟ್ ಬಿಟ್ಟೋಡಿ, ಕಾರಿನೊಳಗೆ ಮುದುರಿ ಕೂತು ಬೆಳಗು ಮಾಡುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಬೆಳಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಟೆಂಟ್ ಸೋರಿತು’. ಹತ್ತಿರ ಹೋಗಿ ನೋಡಿದರೆ ಬಟ್ಟೆಯಲ್ಲಿ ಒಂದು ತೂತೂ ಇರುವುದಿಲ್ಲ. ಕೆಳಗೆ ಹಾಸಿದ ಟಾರ್ಪಾಲ್ ಒಂದು ಮೊಳ ಆಚೆ ಚಾಚಿಕೊಂಡಿರುತ್ತದೆ, ಮೇಲಿನ ಹೊದಿಕೆ ಜೋತುಬಿದ್ದು ಒಳಬಟ್ಟೆಗೆ ಅಂಟಿರುತ್ತದೆ. ಹೀಗೆ ಹಾಕಿದರೆ ಎಷ್ಟು ದುಬಾರಿ ಟೆಂಟಾದರೂ ಒಳಗಿದ್ದವರು ನೆನೆಯುವುದು ತಪ್ಪದು.

ಕೊಳ್ಳುವಾಗ

‘ನಾಲ್ಕು ಜನರ ಟೆಂಟ್’ ಅಂದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ ಮಲಗುವಷ್ಟು ಜಾಗ, ಅಷ್ಟೇ. ಬ್ಯಾಗುಗಳಿಗೂ ನಿದ್ದೆಯಲ್ಲಿ ಹೊರಳಾಡುವ ಮಕ್ಕಳಿಗೂ ಅದರಲ್ಲಿ ಲೆಕ್ಕವಿಲ್ಲ. ನಾಲ್ವರ ಕುಟುಂಬಕ್ಕೆ ಆರು ಜನರದ್ದನ್ನೇ ತನ್ನಿ. ಒಳಗೆ ಜಾಲರಿಯ ಕೋಣೆ, ಮೇಲೆ ಪ್ರತ್ಯೇಕ ಮಳೆಹೊದಿಕೆ ಇರುವ ಎರಡು ಪದರದ ಟೆಂಟೇ ಆಗಬೇಕು. ನೆತ್ತಿಯ ಮೇಲೆ ಟೋಪಿಯಷ್ಟೇ ಹೊದಿಕೆ ಇರುವ ಮಾದರಿಗಳು ಗಾಳಿಮಳೆಗೆ ಬಾರವು. ಹೊದಿಕೆ ನೆಲದ ಹತ್ತಿರದವರೆಗೂ ಇಳಿಯಬೇಕು. ಲೇಬಲ್ ಮೇಲೆ 1500, 2000, 3000 ಮಿ.ಮೀ. ಎಂದು ಬರೆದಿರುತ್ತದೆ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎನ್ನುವ ಅಳತೆ ಅದು. ಹೊದಿಕೆಗೆ 1500 ಸಾಕು, ಮೊಣಕಾಲೂರಿ ಓಡಾಡುವ ನೆಲಕ್ಕೆ 3000 ಇರಲಿ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ಹಗಲು ಮಕ್ಕಳ ಆಟಕ್ಕೆ ಸರಿ, ರಾತ್ರಿ ತಂಗುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ತಂದದ್ದನ್ನು ಹೊರಡುವ ಮೊದಲೇ ಮನೆಯಲ್ಲಿ ಒಮ್ಮೆ ನಿಲ್ಲಿಸಿ ನೋಡಿ.

ಜಾಗ

ತಗ್ಗು ಬೇಡ. ಒಣಗಿದ ಹಳ್ಳದ ಪಾತ್ರವಂತೂ ಬೇಡವೇ ಬೇಡ, ಎಲ್ಲೋ ಮೇಲೆ ಸುರಿದ ಮಳೆಗೆ ಇಲ್ಲಿ ನೀರು ನುಗ್ಗುತ್ತದೆ. ತಲೆಯೆತ್ತಿ ನೋಡಿ, ಒಣಕೊಂಬೆ ಕಂಡರೆ ಬೇರೆ ಕಡೆ ನಡೆಯಿರಿ. ನೆಲ ತುಸು ಇಳಿಜಾರಿದ್ದರೆ ಎತ್ತರದ ಕಡೆ ತಲೆಯಿಟ್ಟು ಮಲಗಿ.

ಹಾಸುವುದು, ಬಿಗಿಯುವುದು

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿಕೊಳ್ಳಿ. ಟೆಂಟಿನ ಕೆಳಗಿನ ಟಾರ್ಪಾಲ್ ಟೆಂಟಿಗಿಂತ ಚಿಕ್ಕದಿರಬೇಕು. ನಾಲ್ಕೂ ಕಡೆ ಐದಾರು ಸೆಂಟಿಮೀಟರ್ ಒಳಗೇ ಇರಲಿ, ದೊಡ್ಡದಿದ್ದರೆ ಅಂಚನ್ನು ಕೆಳಮುಖವಾಗಿ ಮಡಚಿ ಒಳಗೆ ತಳ್ಳಿ. ಅಂಚು ಹೊರಗಿದ್ದರೆ ಹೊದಿಕೆಯಿಂದ ಇಳಿದ ನೀರು ನೇರ ಟಾರ್ಪಾಲಿನ ಮೇಲೆ ಬಿದ್ದು, ಟಾರ್ಪಾಲಿಗೂ ಟೆಂಟಿನ ನೆಲಕ್ಕೂ ನಡುವೆ ಹರಿದು ಅಲ್ಲೇ ನಿಲ್ಲುತ್ತದೆ. ಮಲಗಿದವರ ಭಾರಕ್ಕೆ ಅದೇ ನೀರು ಮೇಲೆ ಜಿನುಗುತ್ತದೆ.

ಪೋಲ್‌ಗಳನ್ನು ಬಟ್ಟೆಯ ತೋಳಿನೊಳಗೆ ತಳ್ಳಬೇಕು, ಎಳೆಯಬಾರದು. ಎಳೆದರೆ ಒಳಗಿನ ಎಲಾಸ್ಟಿಕ್ ಹಿಗ್ಗಿ ಕೀಲು ಬಿಚ್ಚಿಕೊಳ್ಳುತ್ತದೆ. ಗೂಟ ಹೊಡೆಯುವ ಮುಂಚೆ ಬಾಗಿಲಿನ ಜಿಪ್ ಪೂರ್ತಿ ಹಾಕಿ. ತೆರೆದಿಟ್ಟು ಬಿಗಿದರೆ ಆಮೇಲೆ ಜಿಪ್ ಕೂಡುವುದೇ ಇಲ್ಲ, ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮೊದಲು ಒಂದು ಮೂಲೆ, ನಂತರ ಅದರ ಕರ್ಣದ ಮೂಲೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಹಗ್ಗ ಎಳೆದಷ್ಟೂ ಅದು ಮಣ್ಣು ಕಚ್ಚಿ ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಬರುವ ತೆಳು ತಂತಿಯ ಗೂಟಗಳು ಮೊದಲ ಕಲ್ಲಿಗೇ ಬಾಗುತ್ತವೆ. ಅವನ್ನು ನಂಬದೆ ದಪ್ಪನೆಯವನ್ನು ಬೇರೆಯಾಗಿ ಕೊಳ್ಳಿ. ಮರಳಾದರೆ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂಳಿ.

ಇನ್ನು ಹೊದಿಕೆ. ಅದಕ್ಕೂ ಒಳಬಟ್ಟೆಗೂ ನಡುವೆ ಎಲ್ಲ ಕಡೆಯೂ ಅಂಗೈ ತೂರುವಷ್ಟು ಸಂದು ಇರಲೇಬೇಕು, ಎರಡೂ ತಾಗಿದಲ್ಲಿ ನೀರು ಒಳಗಿಳಿಯುತ್ತದೆ. ಗೋಡೆಯ ನಡುಭಾಗದಲ್ಲಿ ನೇತಾಡುವ ಹಗ್ಗಗಳನ್ನು ಬಿರುಗಾಳಿಗೆ ಮಾತ್ರ ಎಂದುಕೊಂಡು ಬಹಳ ಮಂದಿ ಕಟ್ಟುವುದೇ ಇಲ್ಲ. ಹೊದಿಕೆಯನ್ನು ಒಳಬಟ್ಟೆಯಿಂದ ಆಚೆ ಎಳೆದು ಹಿಡಿಯುವುದೇ ಅವುಗಳ ಕೆಲಸ, ಎಲ್ಲವನ್ನೂ ಕಟ್ಟಿ. ಮಕ್ಕಳು ಎಡವದಂತೆ ಬಿಳಿ ಬಟ್ಟೆಯ ಚೂರು ಸುತ್ತಿ. ನೈಲಾನ್ ನೆನೆದರೆ ಹಿಗ್ಗಿ ಜೋಲುತ್ತದೆ, ಆದ್ದರಿಂದ ಮಲಗುವ ಮುಂಚೆ ಒಂದು ಸುತ್ತು ಬಂದು ಮತ್ತೆ ಬಿಗಿಯಿರಿ. ಪಾಲಿಯೆಸ್ಟರ್‌ಗೆ ಈ ಕಾಟ ಕಡಿಮೆ, ನನ್ನ ಆಯ್ಕೆ ಅದೇ.

ಮಳೆಯೆಂದು ಗಾಳಿಕಿಂಡಿ ಮುಚ್ಚಬೇಡಿ. ನಾಲ್ವರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಹೊರಬರುತ್ತದೆ. ಅದು ಹೊರಹೋಗದಿದ್ದರೆ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ ಉದುರುತ್ತದೆ. ಹನಿ ಒಳಮೈ ತುಂಬ ಸಮನಾಗಿ ಕೂತಿದ್ದರೆ ಅದು ಉಸಿರಿನದು. ಹೊಲಿಗೆಯ ಸಾಲಲ್ಲೇ ಒದ್ದೆಯಿದ್ದರೆ ಮಾತ್ರ ಸೀಮ್ ಸೀಲರ್, ಅಂದರೆ ಹೊಲಿಗೆಯ ರಂಧ್ರ ಮುಚ್ಚುವ ಅಂಟು, ಹಚ್ಚಿ. ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್ ಸೀಲರೇ ಬೇಕು, ಬೇರೆಯದು ಹಿಡಿಯುವುದಿಲ್ಲ.

ಎಷ್ಟೇ ಚಳಿಯಿರಲಿ, ಟೆಂಟಿನೊಳಗೆ ಸ್ಟೌ, ಕೆಂಡ ಏನನ್ನೂ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಮಲಗುವುದು

ಚಳಿ ಹತ್ತುವುದು ನೆಲದಿಂದ. ಮೇಲೆ ಇನ್ನೊಂದು ಕಂಬಳಿ ಹೊದೆಯುವ ಬದಲು ಕೆಳಗೆ ಫೋಮ್ ಮ್ಯಾಟ್ ಹಾಸಿ. ಬರೀ ಗಾಳಿ ತುಂಬುವ ಹಾಸಿಗೆ ಮೆತ್ತಗಿದ್ದರೂ ತಣ್ಣಗೆ ಕೊರೆಯುತ್ತದೆ. ಪ್ರತಿ ಮಗುವಿಗೂ ಒಂದು ಹೆಡ್‌ಲ್ಯಾಂಪ್, ಕೊರಳಿಗೊಂದು ಸೀಟಿ ಕೊಡಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕೆಂದು ಹೇಳಿಕೊಡಿ.

ಮಡಚುವುದು

ಒದ್ದೆ ಟೆಂಟನ್ನು ಸುತ್ತಿ ತಂದರೆ, ಮನೆ ಮುಟ್ಟಿದ ದಿನವೇ ಬಿಚ್ಚಿ ನೆರಳಲ್ಲಿ ಹರವಿ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಲೇಪ ಅಂಟಂಟಾಗಿ ಕಿತ್ತುಬರುತ್ತದೆ. ವಾಷಿಂಗ್ ಮಷಿನ್ ಬೇಡ, ಡಿಟರ್ಜೆಂಟ್ ಬೇಡ. ತಣ್ಣೀರು, ಸ್ಪಂಜು ಸಾಕು. ಗೂಟಗಳ ಮಣ್ಣು ಒರೆಸಿ ಎಣಿಸಿ, ಕಡಿಮೆ ಬಿದ್ದದ್ದನ್ನು ಆಗಲೇ ತಂದು ಚೀಲಕ್ಕೆ ಸೇರಿಸಿಡಿ.