ಹಾಲಿನ ಡೇರಿ ಲೆಕ್ಕಕ್ಕೆ ಇನ್‌-ಮೆಮೊರಿ ಡೇಟಾಬೇಸ್‌ನಲ್ಲಿ ಟೆಸ್ಟ್ ಬರೆದ ನನ್ನ ಅನುಭವ

ಕೋಲಾರ ಜಿಲ್ಲೆಯ ಹಳ್ಳಿ ಡೇರಿಗಳಿಗೆಂದು ಬರೆದ ಅಪ್ಲಿಕೇಶನ್ ಇದು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಅಳೆದು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆಯಬೇಕು. ಬ್ಯಾಕೆಂಡ್ ಪೈಥಾನ್‌ನಲ್ಲಿದೆ: ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳಲು ಫಾಸ್ಟ್‌ಎಪಿಐ, ಡೇಟಾಬೇಸ್ ಜೊತೆ ಮಾತಾಡಲು ಎಸ್‌ಕ್ಯೂಎಲ್‌ಆಲ್ಕೆಮಿ, ಸರ್ವರ್‌ನಲ್ಲಿ ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್. ಟೆಸ್ಟ್‌ಗಳಲ್ಲಿ ಹೆಚ್ಚಿನವು ಓಡುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಇನ್‌-ಮೆಮೊರಿ (ಎಲ್ಲ ಡೇಟಾ ಮೆಮೊರಿಯಲ್ಲೇ ಇರುವ) ರೂಪದ ಮೇಲೆ. ಡಿಸ್ಕ್ ಮುಟ್ಟುವುದಿಲ್ಲ, ಬೇರೆ ಸರ್ವರ್ ಎಬ್ಬಿಸಬೇಕಿಲ್ಲ, ಫೈಲ್ ಸೇವ್ ಮಾಡಿದಾಗಲೆಲ್ಲ ಓಡಿಸಬಹುದು.

ಎಲ್ಲರೂ ಮೊದಲು ಎಡವುವುದು ಕನೆಕ್ಷನ್‌ನಲ್ಲಿ. ಫಿಕ್ಸ್ಚರ್‌ನಲ್ಲಿ (ಟೆಸ್ಟಿಗೆ ಮೊದಲು ಓಡುವ ಸಿದ್ಧತೆಯ ಕೋಡ್) ಟೇಬಲ್ ಮಾಡಿಟ್ಟಿದ್ದರೂ ಎಂಡ್‌ಪಾಯಿಂಟ್ (ರಿಕ್ವೆಸ್ಟಿಗೆ ಉತ್ತರ ಕೊಡುವ ಫಂಕ್ಷನ್) ಕರೆದ ಕೂಡಲೇ ‘ನೋ ಸಚ್ ಟೇಬಲ್’ ಎಂದು ಬರುತ್ತದೆ. ಕಾರಣ ಸರಳ: ಮೆಮೊರಿ ಡೇಟಾಬೇಸ್‌ಗೆ ಪ್ರತಿ ಕನೆಕ್ಷನ್ನೂ ಒಂದೊಂದು ಬೇರೆ ಡೇಟಾಬೇಸ್. ಎಸ್‌ಕ್ಯೂಎಲ್‌ಆಲ್ಕೆಮಿ ಇಲ್ಲಿ ಥ್ರೆಡ್ಡಿಗೊಂದು (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಎಳೆಗೊಂದು) ಕನೆಕ್ಷನ್ ಕೊಡುತ್ತದೆ. ಫಾಸ್ಟ್‌ಎಪಿಐ ನಮ್ಮ ಸಾಮಾನ್ಯ ಫಂಕ್ಷನ್ನನ್ನು ಇನ್ನೊಂದು ಥ್ರೆಡ್‌ನಲ್ಲಿ ಓಡಿಸುತ್ತದೆ. ಅಲ್ಲಿ ಸಿಗುವುದು ಖಾಲಿ ಡೇಟಾಬೇಸ್. ಎಂಜಿನ್ (ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಭಾಗ) ಮಾಡುವಾಗ ಪೂಲ್‌ಕ್ಲಾಸ್‌ಗೆ ಸ್ಟ್ಯಾಟಿಕ್‌ಪೂಲ್ ಕೊಟ್ಟು, ಕನೆಕ್ಟ್ ಆರ್ಗ್ಯುಮೆಂಟ್‌ಗಳಲ್ಲಿ ‘ಚೆಕ್ ಸೇಮ್ ಥ್ರೆಡ್’ ಅನ್ನು ಫಾಲ್ಸ್ ಮಾಡಿದರೆ ಎಲ್ಲರಿಗೂ ಒಂದೇ ಕನೆಕ್ಷನ್ ಸಿಗುತ್ತದೆ. ಆಮೇಲೂ ಅದೇ ಎರರ್ ಬಂದರೆ, ಟೇಬಲ್‌ಗಳನ್ನು ಮಾಡುವ ‘ಕ್ರಿಯೇಟ್ ಆಲ್’ ಕರೆಯುವ ಮೊದಲು, ಅವುಗಳ ರಚನೆ ಬರೆದಿರುವ ಮಾಡೆಲ್ ಫೈಲುಗಳು ಇಂಪೋರ್ಟ್ ಆಗಿವೆಯೇ ನೋಡಿ. ಆಗಿರದಿದ್ದರೆ ಅದು ಒಂದು ಟೇಬಲ್ಲನ್ನೂ ಮಾಡದೆ ಸುಮ್ಮನೆ ಮುಗಿಸಿಬಿಡುತ್ತದೆ.

ಪ್ರತಿ ಟೆಸ್ಟಿಗೂ ಹೊಸ ಎಂಜಿನ್, ಹೊಸ ಟೇಬಲ್. ಟೆಸ್ಟ್ ಮುಗಿದ ಮೇಲೆ ಡಿಸ್ಪೋಸ್. ಒಂದೇ ಡೇಟಾಬೇಸ್ ಇಟ್ಟುಕೊಂಡು, ಸೇವ್‌ಪಾಯಿಂಟ್ (ಹಿಂದಿರುಗಬಹುದಾದ ಗುರುತು) ಹಾಕಿ, ಟೆಸ್ಟ್ ಬರೆದದ್ದನ್ನು ರೋಲ್‌ಬ್ಯಾಕ್ (ರದ್ದು) ಮಾಡುವ ದಾರಿಯೂ ಇದೆ. ಆದರೆ ಪೈಥಾನ್‌ನ ಎಸ್‌ಕ್ಯೂಲೈಟ್ ಡ್ರೈವರ್ ಟ್ರಾನ್ಸಾಕ್ಷನ್ ಶುರು ಮಾಡುವ ರೀತಿಯಿಂದ ಅದು ಪದೇ ಪದೇ ಕೈಕೊಡುತ್ತದೆ. ನಮ್ಮಷ್ಟು ಟೇಬಲ್‌ಗಳಿಗೆ ಆ ತೊಂದರೆ ತೆಗೆದುಕೊಳ್ಳುವುದು ಬೇಡ.

ಇನ್ನೊಂದು ಮಾತು. ಡಿಪೆಂಡೆನ್ಸಿ ಓವರ್‌ರೈಡ್ ಮಾಡುವಾಗ, ಅಂದರೆ ಫಾಸ್ಟ್‌ಎಪಿಐ ಎಂಡ್‌ಪಾಯಿಂಟ್‌ಗೆ ಒದಗಿಸುವ ಸೆಷನ್ನನ್ನು (ಡೇಟಾಬೇಸ್ ಜೊತೆಗಿನ ಒಂದು ಸುತ್ತಿನ ಕೆಲಸ) ಟೆಸ್ಟಿಗಾಗಿ ಬದಲಿಸುವಾಗ, ಟೆಸ್ಟಿನ ಸೆಷನ್ನನ್ನೇ ಅಪ್ಲಿಕೇಶನ್ ಕೈಗೆ ಕೊಡಬೇಡಿ. ಕೊಟ್ಟರೆ, ಎಂಡ್‌ಪಾಯಿಂಟ್‌ನಲ್ಲಿ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಮರೆತಿದ್ದರೂ ಟೆಸ್ಟ್ ಪಾಸಾಗುತ್ತದೆ, ಏಕೆಂದರೆ ಕಮಿಟ್ ಆಗದ ಸಾಲು ಅದೇ ಸೆಷನ್‌ಗೆ ಕಾಣುತ್ತದೆ. ಪ್ರತಿ ರಿಕ್ವೆಸ್ಟಿಗೂ ಹೊಸ ಸೆಷನ್ ತೆರೆದು ಮುಚ್ಚಿ. ಟೆಸ್ಟಿಗೆ ಬೇಕಾದ ಡೇಟಾವನ್ನು ಮೊದಲೇ ಕಮಿಟ್ ಮಾಡಿಟ್ಟಿರಿ.

ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ (ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ) ಪರಿಶೀಲನೆ ಸಾಮಾನ್ಯವಾಗಿ ಆಫ್ ಇರುತ್ತದೆ. ಇಲ್ಲದ ಸದಸ್ಯನ ಹೆಸರಿಗೆ ಹತ್ತು ಲೀಟರ್ ಹಾಲು ಬರೆದರೂ ಒಪ್ಪಿಕೊಳ್ಳುತ್ತದೆ! ಕನೆಕ್ಟ್ ಈವೆಂಟ್‌ಗೆ ಒಂದು ಲಿಸನರ್ ಕಟ್ಟಿ, ‘ಪ್ರಾಗ್ಮಾ ಫಾರಿನ್ ಕೀಸ್’ ಆನ್ ಮಾಡಬೇಕು. ಆನ್ ಆಗಿದೆ ಎಂದು ಖಾತ್ರಿ ಮಾಡುವ ಟೆಸ್ಟನ್ನೇ ನಾನು ಮೊದಲು ಬರೆಯುವುದು. ವಾರ್‌ಚಾರ್‌ಗೆ (ಪಠ್ಯದ ಕಾಲಂ) ಕೊಟ್ಟ ಉದ್ದದ ಮಿತಿಯನ್ನೂ ಎಸ್‌ಕ್ಯೂಲೈಟ್ ಕೇಳುವುದಿಲ್ಲ. ಮಿತಿ ಮೀರಿದ್ದನ್ನು, ಒಳಬರುವ ಡೇಟಾ ಪರಿಶೀಲಿಸುವ ಪೈಡ್ಯಾಂಟಿಕ್‌ನಲ್ಲೇ ತಡೆಯಿರಿ.

ದುಡ್ಡಿನ ವಿಷಯದಲ್ಲಿ ನಿಧಾನವಾಗಿ ನೋಡಬೇಕು. ಎಸ್‌ಕ್ಯೂಲೈಟ್‌ಗೆ ನಿಜವಾದ ಡೆಸಿಮಲ್ ಇಲ್ಲ, ಒಳಗೆ ಫ್ಲೋಟ್ ಆಗುತ್ತದೆ. ಹಾಗಾಗಿ ಹಾಲನ್ನು ಮಿಲಿಲೀಟರಿನಲ್ಲಿ, ದರವನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿ ಇಟ್ಟಿದ್ದೇನೆ. 2.25 ಲೀಟರ್ ಹಾಲು, ಲೀಟರಿಗೆ ₹35.38 ಎಂದುಕೊಳ್ಳಿ. 2250ನ್ನು 3538ರಿಂದ ಗುಣಿಸಿ 1000ದಿಂದ ಭಾಗಿಸಿದರೆ 7960.5 ಪೈಸೆ. ಪೈಥಾನ್‌ನ ರೌಂಡ್ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುವುದರಿಂದ 7960 ಕೊಡುತ್ತದೆ. ಅದೇ ಲೆಕ್ಕವನ್ನು ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್‌ನಲ್ಲಿ ರೌಂಡ್ ಮಾಡಿದರೆ 79.61. ಪಾಸ್‌ಬುಕ್ಕನ್ನು ಪೈಥಾನ್, ಬಟವಾಡೆ ಪಟ್ಟಿಯನ್ನು ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ಲೆಕ್ಕ ಹಾಕಿದರೆ ಒಂದೊಂದು ಪೈಸೆ ತಾಳೆಯಾಗದೆ ಉಳಿಯುತ್ತದೆ. ಡೇರಿಯಲ್ಲಿ ಹಾಲು ಹಾಕುವವರು ಪಾಸ್‌ಬುಕ್ ಕೂಡಿಸಿ ನೋಡುತ್ತಾರೆ, ನೋಡಲೇಬೇಕು. ಗುಣಲಬ್ಧಕ್ಕೆ 500 ಕೂಡಿಸಿ, 1000ದಿಂದ ಪೂರ್ಣಾಂಕ ಭಾಗಾಕಾರ ಮಾಡುವ ಒಂದೇ ಫಂಕ್ಷನ್ ಬರೆದು ಎರಡೂ ಕಡೆ ಅದನ್ನೇ ಕರೆದೆ. ಈಗ ಎರಡರಲ್ಲೂ 7961.

ಬೆಳಗಿನ ಹಾಲಿಗೆ ಮಾತ್ರ ಬರುವ ತಪ್ಪೊಂದಿದೆ. ಎಸ್‌ಕ್ಯೂಲೈಟ್‌ನ ‘ಕರೆಂಟ್ ಡೇಟ್’ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ದಿನಾಂಕ. ಪೋಸ್ಟ್‌ಗ್ರೆಸ್‌ನದು ಸೆಷನ್ನಿನ ಟೈಮ್‌ಜೋನ್ ಪ್ರಕಾರ. ಜುಲೈ 1ರ ಬೆಳಿಗ್ಗೆ 5:15ಕ್ಕೆ ಅಳೆದ ಹಾಲು ಯುಟಿಸಿಯಲ್ಲಿ ಜೂನ್ 30ರ ರಾತ್ರಿ 11:45. ಅಂದರೆ ಹಿಂದಿನ ಬಟವಾಡೆಗೆ ಸೇರಿಹೋಗುತ್ತದೆ. ಐದೂವರೆ ಆದಮೇಲೆ ಅಳೆದ ಹಾಲಿಗೆ ಏನೂ ಆಗದ ಕಾರಣ ಹಗಲಿನಲ್ಲಿ ಕೂತು ಪರೀಕ್ಷಿಸಿದರೆ ಇದು ಸಿಗುವುದೇ ಇಲ್ಲ. ದಿನಾಂಕವನ್ನು ಡೇಟಾಬೇಸ್‌ಗೆ ಬಿಡದೆ, ಏಷ್ಯಾ/ಕೋಲ್ಕತಾ ಜೋನ್‌ನಲ್ಲಿ ಅಪ್ಲಿಕೇಶನ್ನೇ ಲೆಕ್ಕ ಹಾಕಲಿ. ಗಡಿಯಾರವನ್ನೂ ಡಿಪೆಂಡೆನ್ಸಿ ಮಾಡಿದರೆ ಟೆಸ್ಟ್‌ನಲ್ಲಿ ಅದನ್ನು 5:29ಕ್ಕೂ 5:31ಕ್ಕೂ ನಿಲ್ಲಿಸಿ ನೋಡಬಹುದು.

ಹೆಸರಿನ ಹುಡುಕಾಟ: ಇಂಗ್ಲಿಷ್ ಅಕ್ಷರಗಳಿಗೆ ಎಸ್‌ಕ್ಯೂಲೈಟ್‌ನ ‘ಲೈಕ್’ (ಪಠ್ಯ ಹುಡುಕುವ ಆದೇಶ) ದೊಡ್ಡಕ್ಷರ, ಚಿಕ್ಕಕ್ಷರ ನೋಡುವುದಿಲ್ಲ, ಪೋಸ್ಟ್‌ಗ್ರೆಸ್ ನೋಡುತ್ತದೆ. ಕನ್ನಡದಲ್ಲಿ ತೊಡಕು ಬೇರೆ. ‘ಗೋಪಾಲಪ್ಪ’ದ ಓತ್ವ ಒಂದೇ ಕೋಡ್ ಆಗಿಯೂ ಬರಬಹುದು, ಬಿಡಿ ಚಿಹ್ನೆಗಳಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಎರಡು. ಉಳಿಸುವ ಮೊದಲು ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪ) ಮಾಡಿ.

ಇನ್ನು ಮೆಮೊರಿ ಡೇಟಾಬೇಸ್‌ನಲ್ಲಿ ಟೆಸ್ಟ್ ಮಾಡಲೇಬಾರದ ಕೆಲಸಗಳು. ಓದಿದ ಸಾಲಿಗೆ ಲಾಕ್ ಹಾಕುವ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಬರೆದರೆ ಎಸ್‌ಕ್ಯೂಲೈಟ್‌ಗಾಗಿ ಎಸ್‌ಕ್ಯೂಎಲ್‌ಆಲ್ಕೆಮಿ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡು ಕಂಪ್ಯೂಟರ್‌ನಿಂದ ಒಮ್ಮೆಲೇ ಬಟವಾಡೆ ನಂಬರ್ ತೆಗೆದರೆ ಏನಾಗುತ್ತದೆ ಎಂಬುದು ಒಂದೇ ಕನೆಕ್ಷನ್‌ನಲ್ಲಿ ಗೊತ್ತಾಗುವುದಿಲ್ಲ. ಲಾಕ್, ಜೆಸನ್‌ಬಿ (ಪೋಸ್ಟ್‌ಗ್ರೆಸ್‌ನ ಜೆಸನ್ ಡೇಟಾ) ಕಾಲಂ, ಅಲೆಂಬಿಕ್ ಮೈಗ್ರೇಶನ್ (ಟೇಬಲ್ ರಚನೆ ಬದಲಿಸುವ ಕೋಡ್), ಈ ಮೂರರ ಟೆಸ್ಟ್‌ಗಳಿಗೆ ಟೆಸ್ಟ್ ಓಡಿಸುವ ಪೈಟೆಸ್ಟ್‌ನಲ್ಲಿ ಬೇರೆ ಮಾರ್ಕರ್ (ಗುರುತಿನ ಚೀಟಿ) ಹಾಕಿದ್ದೇನೆ. ಅವು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ), ಸರ್ವರಿನಲ್ಲಿರುವ ಆವೃತ್ತಿಯದೇ ಪೋಸ್ಟ್‌ಗ್ರೆಸ್ ಮೇಲೆ ಓಡುತ್ತವೆ. ಅದರ ಡೇಟಾ ಫೋಲ್ಡರ್ ಟೆಂಪ್‌ಎಫ್‌ಎಸ್‌ನಲ್ಲಿ (ಮೆಮೊರಿಯಲ್ಲೇ ಇರುವ ಫೋಲ್ಡರ್), ಎಫ್‌ಸಿಂಕ್ (ಬರೆದದ್ದು ಡಿಸ್ಕ್ ಸೇರುವವರೆಗೆ ಕಾಯುವುದು) ಆಫ್. ಟೆಸ್ಟಿನ ಡೇಟಾ ಹೋದರೆ ಹೋಗಲಿ ಎಂಬ ಕಾರಣಕ್ಕೆ ಮಾತ್ರ ಇದು ಸರಿ. ಈ ಸೆಟ್ಟಿಂಗ್ ಸರ್ವರಿನ ಫೈಲಿಗೆ ಕಾಪಿಯಾಗದಂತೆ ಬೇರೆ ಡಾಕರ್ ಕಂಪೋಸ್ ಫೈಲಿನಲ್ಲೇ ಇಡಿ. ಕೋಡ್ ಬರೆಯುವಾಗ ಮಾರ್ಕರ್ ಇಲ್ಲದ ಟೆಸ್ಟ್‌ಗಳನ್ನು ಓಡಿಸಿ, ಕೋಡ್ ಪುಶ್ ಮಾಡುವ (ಎಲ್ಲರಿಗೂ ಸಿಗುವಂತೆ ಕಳಿಸುವ) ಮೊದಲು ಎರಡೂ ಬಗೆಯವನ್ನು.