ಮೀನಿಗೆ ಕೊಡೆ: ಹೊಂಡದಲ್ಲಿ ಆಸರೆಯೂ ಉಳಿಯಿತು, ಬಲೆಯೂ ಉಳಿಯಿತು

ಮೀನುಮರಿ ಹಕ್ಕಿಗಳಿಂದ ಅಡಗಲಿ ಎಂದು ಹೊಂಡದೊಳಗೆ ಏನಾದರೂ ನೆಟ್ಟರೆ, ಮೀನು ಹಿಡಿಯುವಾಗ ಬಲೆ ಹರಿಯುತ್ತದೆ ಅನ್ನುವುದು ಮೀನು ಸಾಕುವವರೆಲ್ಲರ ಮಾತು. ಮಾತು ಸುಳ್ಳಲ್ಲ. ನನ್ನ ಮೊದಲ ನಾಲ್ಕು ಪ್ರಯತ್ನಗಳೂ ಸೋತವು, ಎರಡರಲ್ಲಿ ಬಲೆಯೇ ಹರಿಯಿತು. ಕೊಡೆ ಎಂದು ಹೆಸರಿಟ್ಟ ಐದನೆಯದರಲ್ಲಿ ಹರಿಯಲಿಲ್ಲ, ಮೂರು ಫಸಲು ತೆಗೆದ ಮೇಲೂ ಹರಿದಿಲ್ಲ. ಬೇಡ ಅಂದವರೇ ಈಗ ಅಳತೆ ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಹೊಂಡ ಸುಮಾರು 60 ಮೀಟರ್ ಚೌಕ. ತುಂಬಿದಾಗ ನಡುವೆ ಮೂರೂವರೆ ಮೀಟರ್ ನೀರು, ಬೇಸಿಗೆ ಕೊನೆಗೆ ಎರಡು ಮೀಟರ್ ಚಿಲ್ಲರೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಮೇವಿನಲ್ಲಿ, ನೀರಿನಲ್ಲಿ ತೊಂದರೆ ಇರಲಿಲ್ಲ. ಬೆರಳುದ್ದದ ಮರಿ ಬಿಟ್ಟ ಮೊದಲ ಎರಡು ತಿಂಗಳಲ್ಲೇ ನೀರುಕಾಗೆಗಳ ಪಾಲಾಗಿ ಲೆಕ್ಕ ತಪ್ಪುತ್ತಿತ್ತು. ಹತ್ತು ಮರಿ ಬಿಟ್ಟರೆ ಬಲೆಗೆ ಬರುತ್ತಿದ್ದದ್ದು ನಾಲ್ಕರ ಒಳಗೆ. ಮೇಲೆ ದಾರ ಕಟ್ಟಿದರೆ ಹಾರಿ ಬರುವ ಹಕ್ಕಿಗೆ ತಡೆಯಾದೀತು, ದಡದಿಂದ ನಡೆದು ಇಳಿಯುವುದಕ್ಕೆ ಆಗದು.

ಮೊದಲು ಸೋತದ್ದನ್ನೇ ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲೇ.

ಹಸಿ ಸೊಪ್ಪಿನ ಕೊಂಬೆ ಹೊರೆಕಟ್ಟಿ ಮುಳುಗಿಸಿದೆ. ಹತ್ತೇ ದಿನಕ್ಕೆ ಎಲೆ ಕೊಳೆತು ನೀರು ಕಪ್ಪಾಗಿ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಕೊಂಬೆ ಹಾಕಲೇಬೇಕಿದ್ದರೆ ಎಲೆ ಪೂರಾ ಉದುರುವ ತನಕ ಒಣಗಿಸಿ. ಆಮೇಲೆ ಬಿದಿರು. ಒಣ ಬಿದಿರು ತೇಲುತ್ತದೆ, ಕಲ್ಲು ಕಟ್ಟಿದರೆ ನಿಲ್ಲುತ್ತದೆ. ಎರಡನೇ ವರ್ಷ ಗೆಣ್ಣಿನಲ್ಲಿ ಕೊಳೆತು ಸೀಳಿತು, ಆ ಸೀಳು ಬಲೆಗೆ ಕತ್ತಿಯಾಯಿತು. ನೆರಳು ಬಲೆಯನ್ನು ಪರದೆಯ ಹಾಗೆ ಇಳಿಬಿಟ್ಟದ್ದು ಎಲ್ಲಕ್ಕಿಂತ ಕೆಟ್ಟ ಯೋಚನೆ: ಸಡಿಲವಾದ ಕಣ್ಣುಗಳಿಗೆ ಮರಿಗಳೇ ಕಿವಿರು ಸಿಕ್ಕಿಸಿಕೊಂಡು ಸತ್ತವು. ಕೊನೆಗೆ ಬಕೆಟ್‌ನಲ್ಲಿ ಕಾಂಕ್ರೀಟ್ ತುಂಬಿ ಪಿವಿಸಿ ಕಡ್ಡಿಗಳನ್ನು ಮರದ ಹಾಗೆ ಸಿಕ್ಕಿಸಿದೆ. ನೋಡಲು ಚಂದ. ಬಕೆಟ್‌ನ ತಳ ಸಣ್ಣದು, ಹೂಳಿನಲ್ಲಿ ಒಂದು ಗೇಣು ಇಳಿದು ಒಂದೊಂದೇ ವಾಲಿದವು. ನಯವಾದ ಹೊಸ ಪೈಪಿಗೆ ಪಾಚಿ ಹಿಡಿಯಲು ವಾರಗಟ್ಟಲೆ ಬೇಕಾಯಿತು. ಚೂಪಾಗಿ ನಿಂತ ಕಡ್ಡಿ ತುದಿಗಳು ಬಲೆಯ ಕಣ್ಣಿಗೆ ನೇರವಾಗಿ ಹೊಕ್ಕವು. ಆ ಒಂದು ಬಲೆಯ ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಈಗಿನ ಕೊಡೆಗಳು ಹದಿನೈದಾದರೂ ಆಗುತ್ತಿದ್ದವು.

ಇಷ್ಟಾದ ಮೇಲೆ ತಿಳಿದದ್ದು: ತುದಿ ಇರಬಾರದು, ಮೂಲೆ ಇರಬಾರದು, ತಳ ಅಗಲವಾಗಿರಬೇಕು, ಬೇಕೆಂದಾಗ ಎತ್ತಲು ಬರಬೇಕು.

ಈಗಿನದಕ್ಕೆ ಕೊಡೆ ಅನ್ನುತ್ತೇನೆ: ಕಾಂಕ್ರೀಟ್ ಬಿಲ್ಲೆಯ ಮೇಲೆ ನಿಂತ ಕಂಬ, ಅದರ ಸುತ್ತ ಪೈಪಿನ ಕುಣಿಕೆಗಳು. ನಡುಗಂಬ 50 ಮಿ.ಮೀ. ಪಿವಿಸಿ, 1.3 ಮೀಟರ್. ರೆಕ್ಕೆಗಳು ಗುಜರಿಗೆ ಹೋಗಬೇಕಿದ್ದ 16 ಮಿ.ಮೀ. ಡ್ರಿಪ್ ಪೈಪಿನವು. ಬಿಸಿಲಲ್ಲಿ ಬಿದ್ದು ಮೈ ಒರಟಾದ ಹಳೆಯದಕ್ಕೆ ಪಾಚಿ ಬೇಗ ಹಿಡಿಯುತ್ತದೆ, ಹೊಸದು ತರಬೇಡಿ. ಔಷಧಿ ಹಾಯಿಸಿದ ಪೈಪು ಮಾತ್ರ ಬೇಡವೇ ಬೇಡ. ಗೊಬ್ಬರ ಹಾಯಿಸಿದ್ದಾದರೆ ತೊಳೆದು ಎರಡು ದಿನ ನೆನೆಸಿದರೆ ಸಾಕು.

ಬುಡದ ಬಿಲ್ಲೆಗೆ ಅಚ್ಚು ಸುಲಭ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, 6 ಸೆಂ.ಮೀ. ಅಗಲ, 165 ಸೆಂ.ಮೀ. ಉದ್ದದ ತಗಡಿನ ಪಟ್ಟಿಯನ್ನು ಬಳೆಯ ಹಾಗೆ ಸುತ್ತಿದರೆ 50 ಸೆಂ.ಮೀ. ವ್ಯಾಸ ಸಿಗುತ್ತದೆ. ಸಿಮೆಂಟ್, ಮರಳು, ಸಣ್ಣ ಜಲ್ಲಿ 1:2:4. ಅರ್ಧ ತುಂಬಿ, ಕೋಳಿ ಜಾಲರಿ ಒಂದು ಪದರ ಇಟ್ಟು, ಮಿಕ್ಕದ್ದು ತುಂಬಿ. ಕಂಬದ ಬುಡದಲ್ಲಿ ಅಡ್ಡಕ್ಕೆ ತೂತು ಹೊಡೆದು ಗೇಣುದ್ದದ 8 ಮಿ.ಮೀ. ಸರಳು ತೂರಿಸಿ ಹೂತರೆ ಕಿತ್ತು ಬರುವುದಿಲ್ಲ. 6 ಸೆಂ.ಮೀ. ದಪ್ಪ ಕಂಬಕ್ಕೆ ಸಾಲದು, ನಡುವೆ ಎರಡು ಬೊಗಸೆ ಗಾರೆ ಗುಡ್ಡೆ ಹಾಕಿ 12ಕ್ಕೆ ಏರಿಸಿ. ಬದಿಯಲ್ಲಿ ಸರಳಿನ ಕೊಂಡಿ ಒಂದನ್ನು ಈಗಲೇ ಹೂಳಿ, ಮರೆತರೆ ಇಡೀ ಕೆಲಸ ದಂಡ. 50 ಕೆ.ಜಿ. ಮೂಟೆಗೆ ಹನ್ನೆರಡು, ಬಿಗಿಯಾಗಿ ಕಲಸಿದರೆ ಹದಿಮೂರು ಬಿಲ್ಲೆ. ಒಂದೊಂದು 30 ಕೆ.ಜಿ. ತೂಗುತ್ತದೆ. ನೀರಿನೊಳಗೆ ಅದೇ 17 ಕೆ.ಜಿ. ಅಷ್ಟೇ, ಎತ್ತುವಾಗ ಇದೇ ಉಪಕಾರ. ಅಷ್ಟೇ ಕಾಂಕ್ರೀಟನ್ನು ಬಕೆಟ್‌ಗೆ ಸುರಿದರೆ ನೆಲದ ಮೇಲೆ ಕೂರುವ ಜಾಗ ಇದರ ಕಾಲು ಭಾಗವೂ ಇರುವುದಿಲ್ಲ. ಹೂಳಿಗೆ ಇಳಿದದ್ದು ಯಾಕೆ ಅಂತ ಬೇರೆ ಹುಡುಕಬೇಕಿಲ್ಲ.

ಒಂದು ವಾರ ಗೋಣಿ ಹೊದಿಸಿ ನೀರು ಹಾಕಿ. ಆಮೇಲೆ ಮೂರು ವಾರ ತೊಟ್ಟಿಯಲ್ಲಿ ಮುಳುಗಿಸಿ, ಎರಡು ಸಲ ನೀರು ಬದಲಿಸಿ. ಹೊಸ ಕಾಂಕ್ರೀಟ್ ಸುಣ್ಣ ಬಿಡುತ್ತದೆ, ನೀರಿನ ಪಿಹೆಚ್ ಏರುತ್ತದೆ. ದೊಡ್ಡ ಹೊಂಡಕ್ಕೆ ಅಷ್ಟು ಲೆಕ್ಕಕ್ಕಿಲ್ಲ. ಮರಿ ತೊಟ್ಟಿಗೆ ಹಾಗೇ ಇಳಿಸಿದರೆ ಮರಿ ಸಾಯುತ್ತವೆ.

ಕಂಬದ ಮೇಲೆ 6 ಸೆಂ.ಮೀ.ಗೊಂದರಂತೆ ಆರಪಾರ ಹದಿನಾರು ತೂತು, ಒಂದು ಪೂರ್ವ-ಪಶ್ಚಿಮ, ಮುಂದಿನದು ಉತ್ತರ-ದಕ್ಷಿಣ. ಒಂದೇ ದಿಕ್ಕಿಗೆ ಕೊರೆದರೆ ಕಂಬ ಅಲ್ಲೇ ಮುರಿಯುತ್ತದೆ. 2 ಮೀಟರ್ ಡ್ರಿಪ್ ತುಂಡನ್ನು ಒಂದು ತೂತಿನಲ್ಲಿ ತೂರಿಸಿ ನಡುಮಧ್ಯಕ್ಕೆ ತಂದು, ಎರಡೂ ತುದಿಗಳನ್ನು ಮೇಲಕ್ಕೆ ಬಾಗಿಸಿ ಅದೇ ದಿಕ್ಕಿನ ಮುಂದಿನ ತೂತಿಗೆ ಆಚೆ ಈಚೆಯಿಂದ ತುರುಕಬೇಕು. ಒಂದು ತುಂಡಿಗೆ ಎರಡು ಕುಣಿಕೆ, ಎಂಟು ತುಂಡಿಗೆ ಹದಿನಾರು. ತುದಿಗಳೆಲ್ಲ ಕಂಬದೊಳಗೆ ಅಡಗುತ್ತವೆ. ಬಲೆ ತಾಗಿದರೆ ಕುಣಿಕೆಯ ಬೆನ್ನ ಮೇಲೆ ಜಾರಿ ಹೋಗುತ್ತದೆ. ಇಡೀ ಕೆಲಸದ ಗುಟ್ಟು ಇದೊಂದೇ, ಮಿಕ್ಕದ್ದು ಯಾರಾದರೂ ಮಾಡಬಹುದು. ನಡು ಬಿಸಿಲಲ್ಲಿ ಬಾಗಿಸಿ, ಬೆಳಗಿನ ಚಳಿಗೆ ಪೈಪು ಮಡಚಿ ಸೀಳುತ್ತದೆ. ಎಲ್ಲಾದರೂ ಬಿಗಿದು ಕಟ್ಟಬೇಕಾದರೆ ಕೇಬಲ್ ಟೈ ಕಪ್ಪಗಿನದೇ ಇರಲಿ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಹಳೆ ಡ್ರಿಪ್ಪರ್, ಅಂದರೆ ನೀರು ತೊಟ್ಟಿಕ್ಕುವ ಕಿಂಡಿ, ಮುಚ್ಚಿಹೋಗಿದ್ದರೆ ಪೈಪಿನೊಳಗೆ ಗಾಳಿ ಉಳಿಯುತ್ತದೆ. 16 ಮೀಟರ್ ಪೈಪು ಎರಡು ಲೀಟರಿಗಿಂತ ಹೆಚ್ಚು ಗಾಳಿ ಹಿಡಿಯುತ್ತದೆ, ಅಂದರೆ ಎರಡು ಕೆ.ಜಿ.ಗಿಂತ ಹೆಚ್ಚು ಮೇಲೆತ್ತುತ್ತದೆ. ಬಿಲ್ಲೆ ಹಾಕುವ ಮುಂಚೆ ಪರೀಕ್ಷೆಗೆ ಎರಡು ಇಟ್ಟಿಗೆ ಕಟ್ಟಿ ಬಿಟ್ಟದ್ದು ಮಳೆ ನೀರು ನುಗ್ಗಿದ ದಿನ ಹೊಂಡದ ಇನ್ನೊಂದು ಮೂಲೆಯಲ್ಲಿತ್ತು. ಎರಡು ಇಟ್ಟಿಗೆ ನೀರೊಳಗೆ ಮೂರು ಕೆ.ಜಿ.ಯೂ ತೂಗುವುದಿಲ್ಲ, ಗಾಳಿ ಕಳೆದರೆ ಉಳಿಯುವುದು ಅರ್ಧ ಕೆ.ಜಿ. ಬಿಲ್ಲೆ ಇರುವಾಗ ಅದೇ ಗಾಳಿ ಅನುಕೂಲ: ಕುಣಿಕೆಗಳು ಸೆಟೆದು ನಿಲ್ಲುತ್ತವೆ, ಕೊಡೆ ವಾಲುವುದಿಲ್ಲ. ಹಾಗಾಗಿ ಡ್ರಿಪ್ಪರ್ ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಕಂಬದ ಮೇಲ್ತುದಿ ಮಾತ್ರ ತೆರೆದೇ ಇರಲಿ, ಅಂಚನ್ನು ಉಜ್ಜಿ ದುಂಡಗೆ ಮಾಡಿ.

ಎತ್ತುವ ಹಗ್ಗವನ್ನು ಬಿಲ್ಲೆಯ ಕೊಂಡಿಗೇ ಕಟ್ಟಬೇಕು. ಕಂಬದ ತಲೆಗೆ ಕಟ್ಟಿ ಎಳೆದದ್ದಕ್ಕೆ ನಾಲ್ಕು ಕಂಬ ಬುಡದಲ್ಲೇ ಮುರಿದವು. ಹಗ್ಗದ ಇನ್ನೊಂದು ತುದಿಗೆ ಬಿರಡೆ ಹಾಕಿದ ಬಾಟಲಿ ಇರುತ್ತದೆ. ಬಾಟಲಿ ನೀರಿನ ಮೇಲೆ ತೇಲಬಾರದು, ಒಂದಡಿ ಕೆಳಗೇ ನಿಲ್ಲುವಷ್ಟು ಹಗ್ಗ ಗಿಡ್ಡವಿರಲಿ. ಮೇಲೆ ಕಂಡರೆ ರಾತ್ರಿ ಬೀಸುಬಲೆ ತರುವವನಿಗೆ ನಾವೇ ಗುರುತು ಹಾಕಿಕೊಟ್ಟ ಹಾಗೆ. ಏರಿಯ ಮೇಲಿನ ಎರಡು ಗುರುತು ನೇರಕ್ಕೆ ಹಿಡಿದು ಕೊಕ್ಕೆ ಕೋಲು ಆಡಿಸಿದರೆ ಸಿಗುತ್ತದೆ.

ಎಲ್ಲಿ ಇಡಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಂಡ ತುಂಬಿದಾಗ ಅಳೆದು ಇಟ್ಟರೆ ಬೇಸಿಗೆಯಲ್ಲಿ ಕೊಡೆ ಬರಿಮೈಯಲ್ಲಿ ನಿಂತು ಹಕ್ಕಿಗೆ ಕೂರುವ ಮಣೆಯಾಗುತ್ತದೆ. ಅತಿ ಕಡಿಮೆ ನೀರಿನ ದಿನ ತಲೆಯ ಮೇಲೆ 40 ಸೆಂ.ಮೀ. ನೀರಿರಬೇಕು, ಆ ಲೆಕ್ಕಕ್ಕೆ ಉದ್ದನೆಯ ಕೊಡೆಗಳು. ಆದರೆ ಮರಿ ಬಿಡುವುದು ಹೊಂಡ ತುಂಬಿದಾಗ, ಸಣ್ಣ ಮರಿ ಅಷ್ಟು ಆಳಕ್ಕೆ ಹೋಗುವುದಿಲ್ಲ. ಅದಕ್ಕೇ 60 ಸೆಂ.ಮೀ. ಕಂಬದ, ನಾಲ್ಕೇ ತುಂಡಿನ ಗಿಡ್ಡ ಕೊಡೆಗಳನ್ನು ಬೇರೆ ಮಾಡಿ ಇಳಿಜಾರಿನಲ್ಲಿ ಒಂದು, ಒಂದೂಕಾಲು ಮೀಟರ್ ನೀರಿನಲ್ಲಿ, ಮರಿ ಬಿಡುವ ಜಾಗಕ್ಕೆ ಹತ್ತಿರ ಇಟ್ಟೆ. ನೀರು ಇಳಿದಂತೆ ಇವನ್ನು ಹಗ್ಗ ಹಿಡಿದು ಕೆಳಕ್ಕೆ ಜಾರಿಸುತ್ತೇನೆ. ಉದ್ದನೆಯವು 42, ಗಿಡ್ಡವು 20. ಆರೇಳರ ಗುಂಪು, ಒಂದಕ್ಕೊಂದು ಒಂದು ಮೀಟರ್ ಅಂತರ. ಒತ್ತೊತ್ತಾಗಿ ಇಟ್ಟ ಮೊದಲ ಗುಂಪಿನೊಳಗೆ ಬಸವನಹುಳ ಬಿಟ್ಟು ಯಾರೂ ಸೇರಲಿಲ್ಲ.

ಎಲ್ಲಕ್ಕಿಂತ ಆಳದ ಗುಂಡಿಯಲ್ಲಿ ಇಡಬೇಡಿ, ಗಾಳಿಯಾಡದ ದಿನಗಳಲ್ಲಿ ತಳದಲ್ಲಿ ಆಮ್ಲಜನಕ ಇರುವುದಿಲ್ಲ. ಮೇವು ಹಾಕುವ ಜಾಗದ ಕೆಳಗೂ ಬೇಡ, ಮೇವು ಕುಣಿಕೆಯ ಬುಡದಲ್ಲಿ ಕೊಳೆಯುತ್ತದೆ. ನೀರಿಗೆ ಗಾಳಿ ಬೆರೆಸುವ ಏರೇಟರ್‌ನ ರಭಸಕ್ಕೆ ಎದುರಾಗಿಯೂ ಬೇಡ. ಹೊಂಡಕ್ಕೆ ಹಾಳೆ ಹಾಸಿದ್ದರೆ ಬಿಲ್ಲೆಯ ಕೆಳಗೆ ಹಳೆ ಹಾಳೆ ಎರಡು ಮಡಿಕೆ ಹಾಕಿ, ಜಾರಿಸದೆ ಎತ್ತಿಯೇ ಇಡಿ. ಎರಡು ಡ್ರಮ್ಮಿನ ಮೇಲೆ ಹಲಗೆ ಕಟ್ಟಿದ ತೆಪ್ಪ, ಇಬ್ಬರು ಸಾಕು. ಇಳಿಸಬೇಕು, ಎಸೆಯಬಾರದು.

ಈ ಕೊಡೆಗಳಿಂದ ಪಾಚಿ ಬೆಳೆದು ಮೇವಿನ ಖರ್ಚು ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಉದ್ದನೆಯ ಕೊಡೆಯ ಮೈ ಹೆಚ್ಚುಕಡಿಮೆ ಒಂದು ಚದರ ಮೀಟರ್. ಎಲ್ಲ ಸೇರಿ ಐವತ್ತು ಚಿಲ್ಲರೆ, ಹೊಂಡ 3,600. ಪಾಚಿಯನ್ನೇ ಮೇವು ಮಾಡಲು ಹೊರಟವರು ಹೊಂಡದ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ವಿಸ್ತೀರ್ಣದ ಬಿದಿರು ನೆಡುತ್ತಾರೆ. ಆ ಆಸೆಗೆ ಬೇರೆ ಪ್ರಯೋಗ ಮಾಡಿದೆ: ಎರಡು ಗೂಟಗಳ ನಡುವೆ ಹಗ್ಗ, ಅದರಿಂದ ತೋರಣದ ಹಾಗೆ ಇಳಿಬಿಟ್ಟ ಡ್ರಿಪ್ ಸುರುಳಿಗಳು. ಬಿಳಿ ತಟ್ಟೆ ಇಳಿಸಿ ಕಣ್ಮರೆಯಾಗುವ ಆಳ ನೋಡಿ, ಅದರ ಎರಡರಷ್ಟು ಆಳದ ತನಕ ಪಾಚಿ ಬರುತ್ತದೆ. ನನ್ನಲ್ಲಿ 35 ಸೆಂ.ಮೀ.ಗೆ ಮರೆಯಾಗುತ್ತಿತ್ತು, ಸುರುಳಿಗಳು 70ಕ್ಕೆ ಮುಗಿದವು. ರೋಹು ಕೆರೆದು ತಿಂದ ಗುರುತು ಚೆನ್ನಾಗಿ ಕಂಡಿತು. ಆದರೆ ಹಗ್ಗದ ಮೇಲೆ ಮಿಂಚುಳ್ಳಿ, ಗೂಟದ ಮೇಲೆ ನೀರುಕಾಗೆ! ಹಗ್ಗವನ್ನು ಒಂದು ಗೇಣು ನೀರೊಳಗೆ ಇಳಿಸಿ, ಗೂಟ ಗಿಡ್ಡ ಕತ್ತರಿಸಿದ ಮೇಲೆ ಸರಿಹೋಯಿತು.

ಬಿಚ್ಚಿದ ತೆಂಗಿನ ನಾರಿನ ಹಗ್ಗವನ್ನು ಗಿಡ್ಡ ಕೊಡೆಗಳಿಗೆ ಸುತ್ತಿದ್ದಕ್ಕೆ ಸಾಮಾನ್ಯ ಗೆಂಡೆ ಮೊಟ್ಟೆ ಅಂಟಿಸಿತು. ಇಂಡೋನೇಷ್ಯಾದವರು ನಾರಿನ ಚಾಪೆಯ ಮೇಲೆ ಗೆಂಡೆ ಮೊಟ್ಟೆ ಇಡಿಸುವುದು ಹಳೆಯ ಪದ್ಧತಿ. ನಾರನ್ನು ಹಾಗೇ ಬೇರೆ ತೊಟ್ಟಿಗೆ ದಾಟಿಸಿದರೆ ಎರಡು ಮೂರು ದಿನಕ್ಕೆ ಮರಿ. ದಾಟಿಸದಿದ್ದರೆ ಹೊಂಡದಲ್ಲಿ ಲೆಕ್ಕವಿಲ್ಲದ ಗೆಂಡೆ ಮರಿ ಸೇರಿ ಮೇವು ಹಂಚಿಹೋಗುತ್ತದೆ. ತಿಲಾಪಿಯಾ ಇರುವ ಹೊಂಡಕ್ಕೆ ಇದೇ ಕಾರಣಕ್ಕೆ ಕೊಡೆ ಬೇಡ ಅನ್ನುತ್ತೇನೆ. ಮರಿ ತಿನ್ನುವ ಕೊರವ ಮೀನು ಇದ್ದರೆ ಮೊದಲು ಹಿಡಿದು ತೆಗೆಯಿರಿ, ಕೊಡೆಯ ನೆರಳಲ್ಲೇ ಹೊಂಚು ಹಾಕುತ್ತದೆ. ಹಳೆ ಟೈರು ಪುಕ್ಕಟೆ ಸಿಗುತ್ತದಲ್ಲ ಎಂದು ಕೇಳುವವರಿಗೆ: 1970ರ ದಶಕದಲ್ಲಿ ಫ್ಲಾರಿಡಾ ಕಡಲಲ್ಲಿ ಸುಮಾರು 20 ಲಕ್ಷ ಟೈರು ಹಾಕಿದರು, ಕಟ್ಟು ಬಿಟ್ಟುಹೋಗಿ ಹವಳಕ್ಕೆ ಉಜ್ಜಿ ಹಾಳುಮಾಡಿದವು, ಆಮೇಲೆ ಎತ್ತಿಸಬೇಕಾಯಿತು.

ಖರ್ಚನ್ನು ಹತ್ತು ಪಾಲು ಮಾಡಿದರೆ ಐದು ಕಂಬದ ಪೈಪಿಗೆ, ಮೂರು ಸಿಮೆಂಟು ಜಲ್ಲಿಗೆ, ಒಂದು ಹಗ್ಗಕ್ಕೆ, ಇನ್ನೊಂದು ಸಣ್ಣಪುಟ್ಟಕ್ಕೆ. ಎಂಟುನೂರು ಮೀಟರ್ ಚಿಲ್ಲರೆ ಡ್ರಿಪ್ ಪೈಪಿಗೆ ಏನೂ ಕೊಡಲಿಲ್ಲ. ಮೊದಲ ಫಸಲಿನಲ್ಲಿ ಹೆಚ್ಚಿಗೆ ಬಂದ ಮೀನು ಆ ಖರ್ಚನ್ನು ತೀರಿಸಿ ಸ್ವಲ್ಪ ಉಳಿಸಿತು. ಈಗ ಹತ್ತಕ್ಕೆ ಆರು, ಒಳ್ಳೆ ವರ್ಷ ಏಳು ಬರುತ್ತವೆ.

ಬಲೆ ಎಳೆಯುವ ಕ್ರಮ: ಕೊಡೆಗಳೆಲ್ಲ ಹೊಂಡದ ಒಂದೇ ಮಗ್ಗುಲಿಗೆ, ಮಿಕ್ಕ ಮೂರನೇ ಎರಡು ಭಾಗ ಬಯಲು. ಮೂರು ದಿನ ಮುಂಚಿನಿಂದ ಬಯಲಲ್ಲೇ ಮೇವು ಹಾಕಿ, ಮೊದಲೆರಡು ಎಳೆತ ಅಲ್ಲಿ. ಕೊನೆಯ ಎಳೆತಕ್ಕೆ ಮಾತ್ರ ಗಿಡ್ಡ ಕೊಡೆಗಳನ್ನು ಮೂಲೆಗೆ ಜಾರಿಸುತ್ತೇನೆ. ಉದ್ದನೆಯವು ನಿಂತಲ್ಲೇ ಇರುತ್ತವೆ, ಬಲೆ ಮೇಲೆ ಜಾರುತ್ತದೆ. ಕೆಳಹಗ್ಗದ ಗುಂಡು ಕುಣಿಕೆಯೊಳಗೆ ಸಿಕ್ಕದ ಹಾಗೆ ನೋಡಿಕೊಳ್ಳಲು ಬಲೆಯ ಬುಡದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮೂರು ಸಲ ಬಲೆ ಸಿಕ್ಕಿಸಿಕೊಂಡು ಬಿಡಿಸಿದವರಿಗೆ ತಾನಾಗಿ ಹೊಳೆಯುತ್ತದೆ.